ದಕ್ಷಿಣ ಇಟಲಿಗೆ ಹೊರಟ ಹಿರಿಯರಿಗೆ: ಮೆಟ್ಟಿಲು ಎಣಿಸಿ ಊರು ಆರಿಸಿ

ದಕ್ಷಿಣ ಇಟಲಿಯ ಅಮಾಲ್ಫಿ ಊರಿನ ದೊಡ್ಡ ಚರ್ಚಿನ ಮುಂದೆ 62 ಮೆಟ್ಟಿಲುಗಳಿವೆ. ನಮ್ಮನೆಯವರು ಕೆಳಗೆ ಚೌಕದಲ್ಲಿ ಒಂದು ಕುರ್ಚಿ ಹಿಡಿದು ಕೂತುಬಿಟ್ಟರು. "ನೀನು ಹೋಗಿ ಬಾ, ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ" ಅಂದರು. ನಾನು ಹುಮ್ಮಸ್ಸಿನಲ್ಲಿ ಹತ್ತಿದೆ. ಇಳಿಯುವಾಗ ಬುದ್ಧಿ ಬಂತು. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ?

ಅವರಿಗೆ 71 ವರ್ಷ. ಎರಡೂ ಮಂಡಿಗೆ ಆಪರೇಷನ್ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ. ನನಗೆ 66, ನನ್ನ ಸೊಂಟದ ಕಥೆ ಇಲ್ಲಿ ಬೇಡ. ಗೈಡ್ ಬಾವುಟ ಹಿಡಿದು ಮುಂದೆ ಓಡುತ್ತಿದ್ದರೆ ಹಿಂದೆ ಕುಂಟಿಕೊಂಡು ಹೋಗಿ ಬಸ್ಸಿನಲ್ಲಿ ಎಲ್ಲರ ಮುಖ ನೋಡುವುದು ನಮಗೆ ಸಾಕಾಗಿತ್ತು. ಅದಕ್ಕೇ ಗುಂಪು ಬಿಟ್ಟು ನಾವಿಬ್ಬರೇ ಹೋದೆವು. ಬಂದ ಮೇಲೆ ನೆಂಟರು, ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಉಳಿಯಬೇಕು? ಏನು ನೋಡಬೇಕು ಅಂತ ಯಾರೂ ಕೇಳುವುದಿಲ್ಲ, ಅದು ಫೋನಿನಲ್ಲೇ ಸಿಗುತ್ತದೆ.

ಆ ಕಡೆಯ ಚೆಂದದ ಊರುಗಳು ಬಹುಪಾಲು ಗುಡ್ಡದ ಮೇಲಿವೆ. ಕಡಲಿನಿಂದ ಬರುವ ದರೋಡೆಕೋರರು, ಬಯಲಿನ ಮಲೇರಿಯಾ, ಎರಡಕ್ಕೂ ಹೆದರಿ ಹಿಂದಿನವರು ಮೇಲೆ ಹೋಗಿ ಮನೆ ಕಟ್ಟಿಕೊಂಡರು. ಫೋಟೊಗೆ ಒಳ್ಳೆಯದು, ಮಂಡಿಗೆ ಕೆಟ್ಟದ್ದು. ಆದ್ದರಿಂದ ನನ್ನ ಲೆಕ್ಕ ಇಷ್ಟು: ಉಳಿಯುವುದು ಸಮತಟ್ಟಾದ, ರೈಲು ನಿಲ್ದಾಣ ಹತ್ತಿರವಿರುವ ಊರಿನಲ್ಲಿ. ಗುಡ್ಡದ ಊರನ್ನು ಹಗಲು ಹೋಗಿ ನೋಡಿ ಬರುವುದು, ಇಲ್ಲವೇ ದೂರದಿಂದ ನೋಡುವುದು. ದೂರದಿಂದ ನೋಡಿದರೆ ಕೆಲವು ಊರು ಇನ್ನೂ ಚೆಂದ.

ಮೊದಲು ನಿಮ್ಮ ಕಾಲನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಕಂಬಿ ಹಿಡಿಯದೆ ಇಪ್ಪತ್ತು ಮೆಟ್ಟಿಲು ಇಳಿಯಬಲ್ಲಿರಾ? ಕಲ್ಲು ಎದ್ದ ದಾರಿಯಲ್ಲಿ ಅರ್ಧ ಗಂಟೆ ನಡೆದರೆ ಮಾರನೇ ದಿನ ಏಳಲು ಆಗುತ್ತದೆಯೇ? ಎರಡಕ್ಕೂ ಹೌದು ಎಂದರೆ ನೀವು "ನಿಧಾನದವರು". ಕೋಲು ಬೇಕು, ಹತ್ತು ಮೆಟ್ಟಿಲಾದರೆ ಸೈ ಅನ್ನುವವರು "ಕೋಲಿನವರು". ಗಾಲಿಕುರ್ಚಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಮೂರನೆಯವರು. ಇಲ್ಲಿರುವ ತೀರ್ಪುಗಳು ಮುಖ್ಯವಾಗಿ ಕೋಲಿನವರಿಗೆ. ಉಳಿದವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ನೇಪಲ್ಸ್ ಸುತ್ತಮುತ್ತ: ನಾಲ್ಕು ಊರು, ಒಂದು ಆಯ್ಕೆ

ಹೆಚ್ಚಿನವರು ಮೊದಲು ಹೋಗುವುದು ಇಲ್ಲಿಗೇ. ರೋಮ್‌ನಿಂದ ವೇಗದ ರೈಲಿನಲ್ಲಿ ನೇಪಲ್ಸ್‌ಗೆ ಒಂದೂಕಾಲು ಗಂಟೆ. ಉಳಿಯಲು ಜನ ಯೋಚಿಸುವುದು ನೇಪಲ್ಸ್, ಸೊರೆಂಟೊ, ಪೊಸಿತಾನೊ. ನಾನು ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಸಲೆರ್ನೊ.

ಪೊಸಿತಾನೊವನ್ನು ಬೇಗ ಮುಗಿಸಿಬಿಡೋಣ. ಬೇಡ. ಊರೇ ಒಂದು ಮೆಟ್ಟಿಲು. ಬಸ್ಸು ಮೇಲಿನ ರಸ್ತೆಯಲ್ಲಿ ನಿಲ್ಲುತ್ತದೆ, ಕಡಲ ದಂಡೆ ಕೆಳಗಿದೆ, ನಡುವೆ ಇರುವುದೆಲ್ಲ ಮೆಟ್ಟಿಲು ಮತ್ತು ಇಳಿಜಾರು. ಹೋಟೆಲಿನ ಬಾಡಿಗೆಯೂ ಜಾಸ್ತಿ. ಹಡಗಿನಲ್ಲಿ ಹೋಗುವಾಗ ಎದುರಿಗೆ ಪೂರ್ತಿ ಊರು ಕಾಣುತ್ತದೆ, ಅಲ್ಲಿಂದಲೇ ಫೋಟೊ ತೆಗೆಯಿರಿ. ಮಕ್ಕಳು "ಅಪ್ಪ ಅಮ್ಮನಿಗೆ ಸರ್‌ಪ್ರೈಸ್" ಅಂತ ಅಲ್ಲಿ ರೂಮ್ ಬುಕ್ ಮಾಡುವ ಮುಂಚೆ ಇದನ್ನು ಅವರಿಗೆ ತೋರಿಸಿ.

ನೇಪಲ್ಸ್ ನನಗೆ ಇಷ್ಟವಾಯಿತು. ಗದ್ದಲ, ಹಾರ್ನು, ಬಾಲ್ಕನಿಯಿಂದ ಬಾಲ್ಕನಿಗೆ ಮಾತು, ಸ್ಕೂಟರಿನ ಮೇಲೆ ಮೂವರು, ಚಿಕ್ಕಪೇಟೆಯಲ್ಲಿ ಓಡಾಡಿದವರಿಗೆ ಇದೇನು ಹೊಸದಲ್ಲ. ಆದರೆ ರಸ್ತೆಗೆ ಹಾಸಿರುವುದು ಜ್ವಾಲಾಮುಖಿಯ ಕಪ್ಪು ಕಲ್ಲಿನ ಚಪ್ಪಡಿ, ಸಂದಿಗಳಲ್ಲಿ ಕೋಲು ಸಿಕ್ಕಿಕೊಳ್ಳುತ್ತದೆ. ಫುಟ್‌ಪಾತ್ ಇದ್ದಕ್ಕಿದ್ದಂತೆ ಮುಗಿಯುತ್ತದೆ, ಇದ್ದರೆ ಅದರ ಮೇಲೆ ಸ್ಕೂಟರ್ ನಿಂತಿರುತ್ತದೆ. ಎರಡು ರಾತ್ರಿ ಸಾಕು. ಒಂದು ದಿನ ಪೂರ್ತಿ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಕೊಡಿ. ಜ್ವಾಲಾಮುಖಿ ಸಿಡಿದು ಹೂತುಹೋದ ಪಾಂಪೇ ಊರಿನಲ್ಲಿ ಸಿಕ್ಕ ಒಳ್ಳೊಳ್ಳೆಯ ಚಿತ್ರ, ಮೊಸಾಯಿಕ್, ಪಾತ್ರೆ ಪಗಡಗಳೆಲ್ಲ ಇರುವುದು ಇಲ್ಲಿ. ಒಳಗೆ ಲಿಫ್ಟ್ ಇದೆ, ನೆಲ ನುಣುಪು. ಇನ್ನೊಂದು ಸಂಜೆ ಕಡಲ ಬದಿಯ ಕರಾಚೊಲೊ ರಸ್ತೆಯಲ್ಲಿ ಕೂತು ವೆಸೂವಿಯಸ್ ಜ್ವಾಲಾಮುಖಿ ನೋಡಿ. ಬೆಟ್ಟದ ಬಾಯಿಯ ತನಕ ಹೋಗುವ ಆಸೆ ಇದ್ದರೆ ಬಿಟ್ಟುಬಿಡಿ. ವಾಹನ ನಿಂತ ಮೇಲೆ ಸಡಿಲ ಬೂದಿಮಣ್ಣಿನ ಏರು ದಾರಿ ಇದೆ.

ನಿಜವಾದ ಪೈಪೋಟಿ ಸೊರೆಂಟೊ ಮತ್ತು ಸಲೆರ್ನೊ ನಡುವೆ.

ಸೊರೆಂಟೊ ಕಡಿದಾದ ಬಂಡೆಯ ತಲೆಯ ಮೇಲಿದೆ, ಆದರೆ ಆ ತಲೆ ಚಪ್ಪಟೆ. ತಾಸೊ ಚೌಕ, ಮುಖ್ಯ ಬೀದಿ, ಅಂಗಡಿ, ಹೋಟೆಲು ಎಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ವಿಲ್ಲಾ ಕೊಮುನಾಲೆ ಎಂಬ ಪಾರ್ಕಿನಿಂದ ಕಡಲ ಮಟ್ಟಕ್ಕೆ ಲಿಫ್ಟ್ ಕೂಡ ಇದೆ. ಬಂಡೆ ಕೊರೆದು ಇಳಿಸಿದ ಲಿಫ್ಟ್, ಸಣ್ಣ ಟಿಕೆಟ್ ಕೊಟ್ಟರೆ ಆಯಿತು. ಊರು ನಮ್ಮಂಥವರಿಗೆ ಸರಿಯಾಗಿದೆ, ತೊಂದರೆ ಇರುವುದು ಅಲ್ಲಿಗೆ ತಲುಪುವುದರಲ್ಲಿ. ನೇಪಲ್ಸ್‌ನಿಂದ ಬರುವ ಚಿರ್ಕುಂವೆಸುವಿಯಾನಾ ಎಂಬ ಲೋಕಲ್ ರೈಲಿಗೆ ಒಂದು ಗಂಟೆ ಮೇಲೆ ಹತ್ತು ನಿಮಿಷ ಬೇಕು. ಹಳೆಯ ಬೋಗಿ, ನೂಕುನುಗ್ಗಲು, ಜೇಬುಗಳ್ಳರ ಕಾಟ. ಸೀಟು ಬೇಕಿದ್ದರೆ ಆ ರೈಲು ಹೊರಡುವ ಪೋರ್ತಾ ನೊಲಾನಾ ನಿಲ್ದಾಣಕ್ಕೇ ಹೋಗಿ ಹತ್ತಬೇಕು. ಮುಂದಿನ ನಿಲ್ದಾಣವಾದ ಗರಿಬಾಲ್ಡಿಯಲ್ಲಿ ಹತ್ತಿದರೆ ನಿಂತೇ ಪ್ರಯಾಣ. ಇದಕ್ಕಿಂತ ವಿಮಾನ ನಿಲ್ದಾಣದಿಂದ ನೇರ ಹೋಗುವ ಬಸ್ಸು ಮೇಲು. ನಾಲ್ಕು ಜನ ಇದ್ದರೆ ಡ್ರೈವರ್ ಸಮೇತ ಕಾರು ಇನ್ನೂ ಮೇಲು.

ಸಲೆರ್ನೊಗೆ ಈ ಯಾವ ತಾಪತ್ರಯವೂ ಇಲ್ಲ. ರೋಮ್‌ನ ವೇಗದ ರೈಲು ನೇಪಲ್ಸ್ ದಾಟಿ ಇಲ್ಲಿಗೇ ಬರುತ್ತದೆ, ಒಟ್ಟು ಸುಮಾರು ಎರಡು ಗಂಟೆ. ನಿಲ್ದಾಣದಿಂದ ಹೊರಗೆ ಬಂದರೆ ವಾಹನವಿಲ್ಲದ ಅಂಗಡಿ ಬೀದಿ, ಪಕ್ಕದಲ್ಲಿ ತಾಳೆ ಮರ ಬೆಳೆಸಿದ ಉದ್ದನೆಯ ಕಡಲ ದಂಡೆಯ ದಾರಿ, ಬೆಂಚುಗಳು. ಸಂಜೆ ಊರಿನ ಅಜ್ಜ ಅಜ್ಜಿಯರೆಲ್ಲ ಅಲ್ಲಿಗೆ ಬರುತ್ತಾರೆ. ನಾವೂ ಅವರ ಜೊತೆ ಕೂತು, ಭಾಷೆ ಬಾರದೆ, ಕೈಸನ್ನೆಯಲ್ಲಿ ಮಂಡಿ ಕಥೆ ಹಂಚಿಕೊಂಡೆವು. ಮಧ್ಯಯುಗದಲ್ಲಿ ಯುರೋಪಿನ ಹೆಸರಾಂತ ವೈದ್ಯಶಾಲೆ ಇದ್ದದ್ದು ಇದೇ ಊರಿನಲ್ಲಿ, ಹಾಗಾಗಿ ವಿಷಯ ಸರಿಯಾಗಿಯೇ ಇತ್ತು ಅನ್ನಿ. ಅಮಾಲ್ಫಿಗೆ ಹೋಗುವ ಹಡಗು ರೈಲು ನಿಲ್ದಾಣದ ಹತ್ತಿರದಿಂದಲೇ ಹೊರಡುತ್ತದೆ, ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಹಡಗಿಗೆ ಹತ್ತಲು ಒಂದು ಹಲಗೆ ಹಾಕುತ್ತಾರೆ, ಹುಡುಗರು ಕೈ ಹಿಡಿದು ಹತ್ತಿಸುತ್ತಾರೆ. ಅಲೆ ಜೋರಿದ್ದರೆ ಹಡಗು ಇಲ್ಲ, ಚಳಿಗಾಲದಲ್ಲಂತೂ ಇಲ್ಲವೇ ಇಲ್ಲ. ಅಂಕುಡೊಂಕು ರಸ್ತೆಯ ಬಸ್ಸಿನಲ್ಲಿ ನಿಂತು ವಾಂತಿ ಬರಿಸಿಕೊಳ್ಳುವುದಕ್ಕಿಂತ ಹಡಗಿಗಾಗಿ ಒಂದು ದಿನ ಕಾಯುವುದು ವಾಸಿ.

ಅಮಾಲ್ಫಿ ಊರು ಕಡಲ ಮಟ್ಟದಲ್ಲೇ ಇದೆ. ಚರ್ಚಿನ ಮೆಟ್ಟಿಲು ಬಿಟ್ಟರೆ ಮುಖ್ಯ ಬೀದಿ ಮೆಲ್ಲನೆ ಏರುತ್ತದೆ, ಅಷ್ಟೆ. ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ರವೆಲ್ಲೊಗೆ ಹೋಗಬಹುದು. ಅದು 350 ಮೀಟರ್ ಎತ್ತರದಲ್ಲಿದ್ದರೂ ಮೇಲಿನ ಚೌಕ ಸಮತಟ್ಟು, ಪಕ್ಕದಲ್ಲೇ ವಿಲ್ಲಾ ರುಫೊಲೊ ತೋಟ.

ಸೊರೆಂಟೊಗೆ ಇರುವ ಅಂದ ಸಲೆರ್ನೊಗೆ ಇಲ್ಲ, ಒಪ್ಪುತ್ತೇನೆ. ಕಿಟಕಿ ತೆರೆದರೆ ವೆಸೂವಿಯಸ್ ಕಾಣಬೇಕು, ಕೆಳಗೆ ನೀಲಿ ಕಡಲು ಇರಬೇಕು ಅನ್ನುವವರು, ಇಡೀ ದಿನ ಬಾಲ್ಕನಿಯಲ್ಲಿ ಕೂರಲು ತಯಾರಿರುವವರು ಸೊರೆಂಟೊಗೇ ಹೋಗಿ. ದಿನಾ ಒಂದೊಂದು ಕಡೆ ಹೋಗಿ ಬರುತ್ತೇವೆ ಅನ್ನುವವರಿಗೆ ಸಲೆರ್ನೊ.

ಪಾಂಪೇಯೋ, ಪೆಸ್ತುಮ್ಮೋ?

ಎರಡೂ ಸಲೆರ್ನೊದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ.

ಪಾಂಪೇ ಗೊತ್ತಿರುವುದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಹೂತುಹೋದ ಊರು. ಬೀದಿಗಳಲ್ಲಿ ಗಾಡಿಚಕ್ರ ಕೊರೆದ ಕಾಲುವೆ, ಎತ್ತರದ ಕಟ್ಟೆ, ರಸ್ತೆ ದಾಟಲು ದೊಡ್ಡ ದೊಡ್ಡ ಕಲ್ಲುಗುಂಡು. ಎರಡು ಸಾವಿರ ವರ್ಷ ಹಳೆಯ ಫುಟ್‌ಪಾತ್ ಸಮಸ್ಯೆ. ಆದರೆ 2016ರಿಂದ "ಎಲ್ಲರಿಗೂ ಪಾಂಪೇ" ಎಂಬ ದಾರಿ ಮಾಡಿದ್ದಾರೆ. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದ, ಗಾಲಿಕುರ್ಚಿ ಹೋಗುವಂತೆ ಹದ ಮಾಡಿದ್ದು. ಇದಕ್ಕೆ ಹೋಗಲು ಆಂಫಿಥಿಯೇಟರ್ ಚೌಕದ ಬಾಗಿಲಲ್ಲಿ ಒಳಗೆ ಬರಬೇಕು. ಎಲ್ಲರೂ ನುಗ್ಗುವ ಪೋರ್ತಾ ಮರೀನಾ ಬಾಗಿಲಲ್ಲಿ ಕಲ್ಲಿನ ಏರು ಇದೆ. ಇನ್ನೊಂದು ಸೂಕ್ಷ್ಮ: ಪಾಂಪೇಗೆ ಹೋಗುವವರಿಗೆ ಎರಡು ರೈಲು ನಿಲ್ದಾಣ ಮುಖ್ಯ. ಲೋಕಲ್ ರೈಲಿನದು ಪೋರ್ತಾ ಮರೀನಾ ಪಕ್ಕ. ಸರ್ಕಾರಿ ರೈಲಿನದು ಊರೊಳಗೆ, ಆಂಫಿಥಿಯೇಟರ್ ಬಾಗಿಲಿಗೆ ಅದೇ ಅನುಕೂಲ. ಸಲೆರ್ನೊದಿಂದ ಬರುವ ರೈಲು ನಿಲ್ಲುವುದು ಈ ಎರಡನೆಯದರಲ್ಲಿ. ಸಲೆರ್ನೊಗೆ ನಾನು ಯಾಕೆ ಇಷ್ಟು ಜೋತುಬಿದ್ದಿದ್ದೇನೆ ಅಂತ ಈಗ ಗೊತ್ತಾಯಿತಲ್ಲ?

ಪೆಸ್ತುಮ್ ಬೇರೆಯೇ ಲೋಕ. ಬಯಲು, ಹುಲ್ಲು, ನಡುವೆ ಮೂರು ಗ್ರೀಕ್ ದೇವಸ್ಥಾನ. ಕ್ರಿಸ್ತನಿಗೂ ಸುಮಾರು ಐದು ನೂರು ವರ್ಷ ಹಿಂದಿನವು, ಕಂಬಗಳು ಇನ್ನೂ ನಿಂತಿವೆ. ಜನ ಕಮ್ಮಿ. ಒಂದು ದೇವಸ್ಥಾನದ ಒಳಗೆ ಗಾಲಿಕುರ್ಚಿ ಹೋಗಲು ಇಳಿಜಾರು ಹಲಗೆ ಹಾಕಿದ್ದಾರೆ. ನಿಲ್ದಾಣದಿಂದ ಸುಮಾರು ಒಂದು ಕಿಲೋಮೀಟರ್, ದಾರಿ ಮಟ್ಟಸ. ಇದು ಎಮ್ಮೆಗಳ ಸೀಮೆ. ಮೊಝರೆಲ್ಲಾ ಎಂಬ ಚೀಸ್‌ನ ಅಸಲಿ ಎಮ್ಮೆ ಹಾಲಿನದು ಬೇಕೆಂದರೆ ಇಲ್ಲೇ ತಿನ್ನಬೇಕು. ನಮ್ಮನೆಯವರು "ನಮ್ಮೂರ ಎಮ್ಮೆಗೆ ಇಷ್ಟು ಮರ್ಯಾದೆ ಇಲ್ಲ" ಅಂದರು.

ಒಂದೇ ದಿನ ಇದೆ, ಕಾಲು ಗಟ್ಟಿಯಿಲ್ಲ ಅನ್ನುವವರಿಗೆ ನಾನು ಪೆಸ್ತುಮ್ ಅನ್ನುತ್ತೇನೆ. ಹೌದು, ಪಾಂಪೇ ಬಿಟ್ಟು! ಪಾಂಪೇಯ ಒಳ್ಳೆಯ ವಸ್ತುಗಳನ್ನು ನೇಪಲ್ಸ್ ಮ್ಯೂಸಿಯಂನಲ್ಲಿ ನೋಡಿಯಾಗಿರುತ್ತದಲ್ಲ. ಪಾಂಪೇ ನೋಡಲೇಬೇಕು ಅಂದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಅಲ್ಲಿ ನೆರಳು ಬಹಳ ಕಮ್ಮಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ, ಅವಶೇಷಗಳಿಗೆಲ್ಲ ಪುಕ್ಕಟೆ ಪ್ರವೇಶ, ಅಂದರೆ ಜಾತ್ರೆ. ಅವತ್ತು ಬೇಡ.

ಪಾಂಪೇ ಜೊತೆಗೇ ಹೂತುಹೋದ ಇನ್ನೊಂದು ಊರು ಹರ್ಕ್ಯುಲೇನಿಯಂ ಚಿಕ್ಕದು, ಆದ್ದರಿಂದ ಸುಲಭ ಅಂತ ಹೇಳುತ್ತಾರೆ. ನಿಲ್ದಾಣದಿಂದ ಹೋಗುವಾಗ ಇಳಿಜಾರು, ಬರುವಾಗ ಏರು ಅನ್ನುವುದನ್ನು ಹೇಳುವುದಿಲ್ಲ.

ಪೂಲ್ಯ ಮತ್ತು ಸಿಸಿಲಿ

ಎರಡನೇ ಸಲ ಹೋಗುವವರು, ಅಥವಾ ಹದಿನೈದು ದಿನ ಇರುವವರು ಕೇಳುವ ಪ್ರಶ್ನೆ ಇದು. ಭೂಪಟದಲ್ಲಿ ಇಟಲಿ ಬೂಟಿನ ಹಾಗೆ ಕಾಣುತ್ತದಲ್ಲ, ಆ ಬೂಟಿನ ಹಿಮ್ಮಡಿಯಾದ ಪೂಲ್ಯ ಸೀಮೆಯೋ, ಬೂಟು ಒದೆಯುವ ಚೆಂಡಿನಂಥ ಸಿಸಿಲಿ ದ್ವೀಪವೋ?

ಕಾಲಿನ ದೃಷ್ಟಿಯಿಂದ ಪೂಲ್ಯ ಗೆಲ್ಲುತ್ತದೆ. ಸೀಮೆಯೇ ಬಯಲು. ಬಾರಿ ನಗರದಿಂದ ಲೆಚ್ಚೆಗೆ ಸುಮಾರು 150 ಕಿಲೋಮೀಟರ್ ರೈಲು ಹಳಿ ಕಡಲ ಪಕ್ಕದಲ್ಲೇ ಬಹುದೂರ ಸಾಗುತ್ತದೆ. ಪೊಲಿನ್ಯಾನೊ, ಮೊನೊಪೊಲಿ, ಒಸ್ತೂನಿ, ಬ್ರಿಂಡಿಸಿ ಎಲ್ಲವೂ ಅದೇ ಹಳಿಯ ಮೇಲೆ. ಉಳಿಯಲು ಲೆಚ್ಚೆ ನನ್ನ ಆಯ್ಕೆ. ಜೇನಿನ ಬಣ್ಣದ ಮೆತ್ತನೆ ಕಲ್ಲಿನಲ್ಲಿ ಕೆತ್ತಿದ ಚರ್ಚುಗಳು. ಸಾಂತಾ ಕ್ರೋಚೆ ಚರ್ಚಿನ ಮುಖ ನೋಡಿದಾಗ ನನಗೆ ನಮ್ಮ ಬೇಲೂರು ನೆನಪಾಯಿತು. ಕಲ್ಲು ಮೆತ್ತಗಿದ್ದರೆ ಶಿಲ್ಪಿಯ ಕೈ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದು ಎರಡೂ ಕಡೆ ಒಂದೇ. ಹಳೇ ಊರಿನ ಬೀದಿಗಳು ಮಟ್ಟಸವಾಗಿವೆ, ಬಹುಪಾಲು ವಾಹನವಿಲ್ಲ. ಮಳೆ ಬಂದರೆ ಮಾತ್ರ ಆ ನುಣುಪು ಕಲ್ಲು ಜಾರುತ್ತದೆ. ಕೋಲಿನ ತುದಿಗೆ ಹೊಸ ರಬ್ಬರ್ ಹಾಕಿಸಿಕೊಂಡು ಹೋಗಿ.

ಒಸ್ತೂನಿ ಬೆಳ್ಳಗೆ ಹೊಳೆಯುವ ಗುಡ್ಡದ ಊರು, ಏರು ತಗ್ಗು ಜಾಸ್ತಿ. ನಿಲ್ದಾಣವೂ ಊರಿನಿಂದ ದೂರ. ಆದರೆ ಈ ಕಡೆಯ ಪ್ರವಾಸಿ ಊರುಗಳಲ್ಲಿ ಮೂರು ಗಾಲಿಯ ಆಪೆ ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಿಸುತ್ತಾರೆ. ಹೌದು, ನಮ್ಮ ಬೀದಿಯಲ್ಲಿ ಟೊಮೇಟೊ, ಸಿಲಿಂಡರ್ ಹೊತ್ತು ಓಡಾಡುವ ಅದೇ ಪಿಯಾಜಿಯೊ ಆಪೆ! ಹುಟ್ಟಿದ್ದು ಇಟಲಿಯಲ್ಲಿ, ಹೆಸರಿನ ಅರ್ಥ ಜೇನುನೊಣ. ಆಟೋ ಹತ್ತಿ ಇಳಿದು ಅಭ್ಯಾಸವಿರುವ ನಮಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ರೇಟು ಮೊದಲೇ ಮಾತಾಡಿ, ಅಲ್ಲೂ ಮೀಟರ್ ಇಲ್ಲ.

ಅಲ್ಬೆರೊಬೆಲ್ಲೊದ ಶಂಕುವಿನಾಕಾರದ ಕಲ್ಲುಮನೆಗಳನ್ನು ಅರ್ಧ ದಿನದಲ್ಲಿ ನೋಡಿ ಬರಬಹುದು. ಅಂಗಡಿಗಳಿರುವ ಮೋಂತಿ ಭಾಗ ಇಳಿಜಾರು. ಎದುರಿನ ಕಟ್ಟೆಯಿಂದ ಅದರ ಮಾಡುಗಳ ಸಾಲು ಪೂರ್ತಿ ಕಾಣುತ್ತದೆ.

ಬಾರಿಯಿಂದ ಸುಮಾರು 65 ಕಿಲೋಮೀಟರ್ ದೂರದ ಮಾತೆರಾ ಪೂಲ್ಯಕ್ಕೆ ಸೇರಿದ್ದಲ್ಲ, ಆದರೂ ಜನ ಇದರ ಜೊತೆಗೇ ನೋಡುತ್ತಾರೆ. ಬಂಡೆ ಕೊರೆದ ಮನೆಗಳ ಸಾಸ್ಸಿ ಬಡಾವಣೆ. ಒಂದು ಕಾಲಕ್ಕೆ ಬಡತನಕ್ಕೆ ಹೆಸರಾಗಿತ್ತು. 1952ರಲ್ಲಿ ಕಾನೂನು ತಂದು ಸರ್ಕಾರವೇ ಅಲ್ಲಿನ ಜನರನ್ನು ಹೊರಗೆ ಸಾಗಿಸಿತು. 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಈಗ ಅದೇ ಗುಹೆಗಳು ದುಬಾರಿ ಹೋಟೆಲುಗಳು. ಗುಹೆಯಲ್ಲಿ ಒಂದು ರಾತ್ರಿ ಮಲಗುವ ಆಸೆ ನನಗೂ ಇತ್ತು. ಆದರೆ ಒಳಗೆ ಹೋದರೆ ಬರೀ ಮೆಟ್ಟಿಲು. ಕೋಲಿನವರು, ಗಾಲಿಕುರ್ಚಿಯವರು ಮೇಲಿನ ಹೊಸ ಊರಿನಲ್ಲೇ ಉಳಿಯಿರಿ. ವಿತ್ತೊರಿಯೊ ವೆನೆತೊ ಚೌಕ, ಪಾಸ್ಕೊಲಿ ಚೌಕ ಎರಡೂ ಕಡೆ ಅಂಚಿಗೆ ಬಂದು ನಿಂತರೆ ಇಡೀ ಸಾಸ್ಸಿ ಕೆಳಗೆ ಹರಡಿಕೊಂಡಿರುತ್ತದೆ. ದೀಪ ಹತ್ತುವ ಹೊತ್ತಿಗೆ ಹೋಗಿ.

ಸಿಸಿಲಿಯಲ್ಲಿ ನೋಡುವುದು ಹೆಚ್ಚು, ಓಡಾಟವೂ ಹೆಚ್ಚು. ದ್ವೀಪ ದೊಡ್ಡದು, ರೈಲು ನಿಧಾನ. ಪೂರ್ತಿ ಸುತ್ತುವ ಯೋಚನೆ ಬಿಟ್ಟು ಒಂದೇ ಮೂಲೆ ಹಿಡಿಯಿರಿ. ಆ ಮೂಲೆ ಸಿರಕೂಸಾ, ಅದರಲ್ಲೂ ಸೇತುವೆ ದಾಟಿದರೆ ಸಿಗುವ ಒರ್ತೀಜಾ ಎಂಬ ಹಳೇ ಊರು. ಅಲ್ಲಿನ ದೊಡ್ಡ ಚೌಕಕ್ಕೆ ವಾಹನ ಬರುವುದಿಲ್ಲ, ನೆಲ ಮನೆಯ ಹಜಾರದ ಹಾಗಿದೆ. ಚರ್ಚಿನ ಒಳಗೆ ಹೋದರೆ ಗೋಡೆಯಲ್ಲಿ ದಪ್ಪ ದಪ್ಪ ಗ್ರೀಕ್ ಕಂಬಗಳು. ಅಥೇನಾ ದೇವಿಯ ಗುಡಿಗೆ ಗೋಡೆ ಕಟ್ಟಿ ಚರ್ಚು ಮಾಡಿದ್ದು ಹಾಗೇ ಕಾಣುತ್ತದೆ. ಕಡಲ ಪಕ್ಕದಲ್ಲಿ ಸಿಹಿನೀರಿನ ಬುಗ್ಗೆ ಇದೆ, ಅದರಲ್ಲಿ ಪಪೈರಸ್ ಗಿಡ ಬೆಳೆದಿದೆ. ಕತಾನಿಯಾ ವಿಮಾನ ನಿಲ್ದಾಣದಿಂದ ನೇರ ಬಸ್ಸು, ಒಂದೂಕಾಲು ಗಂಟೆ.

ತಾವೊರ್ಮಿನಾ ಹೆಸರು ದೊಡ್ಡದು. ರೈಲು ನಿಲ್ದಾಣ ಕಡಲ ಮಟ್ಟದಲ್ಲಿ, ಊರು 200 ಮೀಟರ್ ಮೇಲೆ. ಮೇಲೆ ಹೋದ ಮೇಲೆ ಎರಡು ಹೆಬ್ಬಾಗಿಲ ನಡುವಿನ ಮುಖ್ಯ ಬೀದಿ ಸುಮಾರಾಗಿ ಮಟ್ಟಸ, ಅಕ್ಕಪಕ್ಕದ ಸಂದಿಗಳೆಲ್ಲ ಮೆಟ್ಟಿಲು. ಟ್ಯಾಕ್ಸಿಯಲ್ಲಿ ಹಗಲು ಹೋಗಿ ಬರುವುದಕ್ಕೆ ಸರಿ. ನೊತೊ ಇದಕ್ಕಿಂತ ಸುಲಭ. 1693ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಊರು, ನೋಡಬೇಕಾದ್ದೆಲ್ಲ ಒಂದೇ ನೇರ ಬೀದಿಯಲ್ಲಿದೆ.

ಇನ್ನೊಂದು ಮಾತು, ರೈಲು ಹುಚ್ಚಿರುವವರಿಗೆ. ರೋಮ್‌ನಿಂದ ಸಿಸಿಲಿಗೆ ಹೋಗುವ ರೈಲು ಮೆಸ್ಸೀನಾ ಜಲಸಂಧಿಯಲ್ಲಿ ಬೋಗಿ ಸಮೇತ ಹಡಗು ಹತ್ತುತ್ತದೆ. ಸಿರಕೂಸಾಗೆ ಹತ್ತು ಗಂಟೆಗೂ ಜಾಸ್ತಿ. ಸೊಂಟ ಕೇಳಿದರೆ ವಿಮಾನ, ಮನಸ್ಸು ಕೇಳಿದರೆ ರೈಲು.

ಊಟದಲ್ಲೂ ಸಿಸಿಲಿಗೆ ನನ್ನ ಓಟು. ಪಲೆರ್ಮೊ ಕಡೆಯ ಪನೆಲ್ಲೆ ಅಂದರೆ ಕಡಲೆಹಿಟ್ಟು ಬೇಯಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿದದ್ದು. ಕತಾನಿಯಾದ ನೊರ್ಮಾ ಪಾಸ್ತಾದಲ್ಲಿ ಬದನೆಕಾಯಿ. ಪೂಲ್ಯದಲ್ಲಿ ಸೊಪ್ಪು ಹಾಕಿದ ಒರೆಕಿಯೆತ್ತೆ ಪಾಸ್ತಾ ನೋಡಿ ಸಸ್ಯಾಹಾರ ಅಂತ ಮೋಸಹೋಗಬೇಡಿ, ಅದರಲ್ಲಿ ಸಾಮಾನ್ಯವಾಗಿ ಸಣ್ಣ ಮೀನು ಕರಗಿಸಿರುತ್ತಾರೆ. "ಸೆಂತ್ಸಾ ಅಚ್ಚೂಗೆ" ಅನ್ನಿ, ಮೀನು ಬೇಡ ಎಂದು.

ರೈಲೋ, ಕಾರೋ?

ಇಟಲಿಯ ಪ್ಲಾಟ್‌ಫಾರಂ ತಗ್ಗು, ಬೋಗಿ ಎತ್ತರ, ಎಷ್ಟೋ ಕಡೆ ನಮ್ಮೂರಿನ ಹಾಗೇ ಮೆಟ್ಟಿಲು ಹತ್ತಬೇಕು. ಇದಕ್ಕೆ "ಸಾಲಾ ಬ್ಲೂ" ಎಂಬ ಸೇವೆ ಇದೆ. ನೇಪಲ್ಸ್, ಸಲೆರ್ನೊ, ಬಾರಿ, ಲೆಚ್ಚೆಯಂಥ ನಿಲ್ದಾಣಗಳಲ್ಲಿ ಗಾಲಿಕುರ್ಚಿ ತಂದು, ಬೇಕಿದ್ದರೆ ಎತ್ತುವ ಯಂತ್ರದಲ್ಲಿ ಬೋಗಿಯೊಳಗೆ ಬಿಡುತ್ತಾರೆ, ಇಳಿಯುವ ಕಡೆಯೂ ಬಂದು ಕಾಯುತ್ತಾರೆ. ಪುಕ್ಕಟೆ. ಇಟಲಿಯೊಳಗಿಂದ 800 90 60 60 ನಂಬರಿಗೆ ಒಂದು ದಿನ ಮುಂಚೆ ಹೇಳಿದರೆ ನೆಮ್ಮದಿ. ಕೋಲಿನವರು ನಾಚಿಕೊಳ್ಳಬೇಡಿ, ಕೇಳಿ. ಸೊರೆಂಟೊದ ಲೋಕಲ್ ರೈಲು ಬೇರೆ ಸಂಸ್ಥೆಯದು, ಈ ಸೇವೆ ಅದಕ್ಕಿಲ್ಲ. ಯುರೋಪಿನ ವಿಮಾನ ನಿಲ್ದಾಣಗಳಲ್ಲೂ ಇಂಥ ಸಹಾಯ ಪುಕ್ಕಟೆಯೇ, 48 ಗಂಟೆ ಮುಂಚೆ ಏರ್‌ಲೈನ್‌ಗೆ ತಿಳಿಸಿರಬೇಕು.

ಕಾರು ಬಾಡಿಗೆಗೆ ತೆಗೆದು ನೀವೇ ಓಡಿಸುವುದು ಪೂಲ್ಯದಲ್ಲಿ ಆದೀತು. ಅಮಾಲ್ಫಿ ದಂಡೆಯಲ್ಲಿ ಬೇಡವೇ ಬೇಡ. ಎಲ್ಲ ಕಡೆ ಹಳೇ ಊರಿನ ಬಾಯಲ್ಲಿ ಕ್ಯಾಮೆರಾ ಇಟ್ಟ ನಿರ್ಬಂಧಿತ ವಲಯ ಇರುತ್ತದೆ. ಗೊತ್ತಿಲ್ಲದೆ ಒಳಗೆ ಹೋದರೆ ದಂಡದ ಕಾಗದ ತಿಂಗಳುಗಟ್ಟಲೆ ಕಳೆದು ಬೆಂಗಳೂರಿನ ಮನೆಗೇ ಬರಬಹುದು. ರೈಲಿನಲ್ಲಿ ಊರಿಂದ ಊರಿಗೆ, ಗುಡ್ಡಕ್ಕೆ ಹೋಗುವ ದಿನ ಮಾತ್ರ ಡ್ರೈವರ್ ಇರುವ ಕಾರು, ನಮಗೆ ಸರಿಹೋದದ್ದು ಇದು.

ಕಾಲ ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಆಗಸ್ಟಿನಲ್ಲಿ ಬಿಸಿಲೂ ಜಾಸ್ತಿ, ಇಡೀ ಇಟಲಿಗೆ ರಜೆಯೂ ಆಗಲೇ. ವೀಸಾಗೆ 30,000 ಯೂರೊ ಮೊತ್ತದ ವಿಮೆ ಬೇಕೇ ಬೇಕು. ಅಗ್ಗದ್ದು ಕೊಳ್ಳುವ ಮುಂಚೆ ನಿಮಗೆ ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಅಂತ ಓದಿ.

ರೂಮು ಬುಕ್ ಮಾಡುವ ಮುಂಚೆ

ನೇಪಲ್ಸ್‌ನಲ್ಲಿ ನಾವು ಬುಕ್ ಮಾಡಿದ ಹೋಟೆಲಿನ ವಿವರದಲ್ಲಿ "ಲಿಫ್ಟ್ ಇದೆ" ಅಂತ ಇತ್ತು. ಇತ್ತು, ನಿಜ. ಆದರೆ ಲಿಫ್ಟ್ ಬಾಗಿಲಿಗೆ ಹೋಗಲು ಮೊದಲು 22 ಮೆಟ್ಟಿಲು! ಎರಡು ಸೂಟ್‌ಕೇಸ್ ಹಿಡಿದು ಕೆಳಗೆ ನಿಂತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅದೂ ಸಾಲದು ಅಂತ ಲಿಫ್ಟ್‌ಗೆ ಕಾಸು ಹಾಕಬೇಕು. ಅಲ್ಲಿನ ಕೆಲವು ಹಳೇ ಕಟ್ಟಡಗಳಲ್ಲಿ ಹತ್ತು ಸೆಂಟ್ ನಾಣ್ಯ ನುಂಗಿದ ಮೇಲೇ ಲಿಫ್ಟ್ ಏಳುವುದು. ಚಿಲ್ಲರೆ ಇಟ್ಟುಕೊಳ್ಳಿ.

ಆಮೇಲಿನ ಊರುಗಳಿಗೆ ನಾನು ಹೋಟೆಲಿನವರಿಗೆ ಮೊದಲೇ ಬರೆದು ಕೇಳಿದೆ. ರಸ್ತೆಯಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು? ಟ್ಯಾಕ್ಸಿ ಬಾಗಿಲ ತನಕ ಬರುತ್ತದೆಯೇ? ಸ್ನಾನಕ್ಕೆ ಟಬ್ಬೋ, ಶವರೋ, ಅದರ ಕಟ್ಟೆ ಎಷ್ಟು ಎತ್ತರ? ಗಾಲಿಕುರ್ಚಿಯವರು ಲಿಫ್ಟ್ ಬಾಗಿಲಿನ ಅಗಲವನ್ನು ಸೆಂಟಿಮೀಟರಿನಲ್ಲಿ ಕೇಳಿ, ಹಳೇ ಲಿಫ್ಟ್‌ಗಳು ಪೆಟ್ಟಿಗೆಯಷ್ಟೇ ಇರುತ್ತವೆ. "ಪಿಯಾನೊ ತೆರ್ರಾ" ಅಂದರೆ ನೆಲಮಹಡಿ. "ಪಿಯಾನೊ ರಿಯಾಲ್ಜಾತೊ" ಅಂತ ಬರೆದಿದ್ದರೆ ಹುಷಾರು, ಅದು ನೆಲಮಹಡಿಯಂತೆ ಕಂಡರೂ ಐದಾರು ಮೆಟ್ಟಿಲು ಮೇಲಿರುತ್ತದೆ. ಬಾತ್‌ರೂಮಿನಲ್ಲಿ ನೀರಿನ ಚಿಂತೆ ಬೇಡ, ಇಟಲಿಯವರಿಗೆ "ಬಿಡೆ", ಅಂದರೆ ಕೂತು ತೊಳೆದುಕೊಳ್ಳುವ ತೊಟ್ಟಿ, ಇಲ್ಲದೆ ಆಗುವುದಿಲ್ಲ. ಕೂತು ಏಳಲು ಹಿಡಿಕೆ ಇದೆಯೇ ಅಂತ ಮಾತ್ರ ಕೇಳಿ, ಒಂದು ಫೋಟೊ ಕಳಿಸಿ ಅನ್ನಿ. ಲೆಚ್ಚೆಯಲ್ಲಿ ಒಬ್ಬಾಕೆ ಮನೆಬಾಗಿಲಿನ ಒಂದೇ ಒಂದು ಮೆಟ್ಟಿಲಿಗೆ ಅಳತೆಪಟ್ಟಿ ಹಿಡಿದು ಫೋಟೊ ಕಳಿಸಿದ್ದಳು. ಹದಿನಾಲ್ಕು ಸೆಂಟಿಮೀಟರ್. ಅಲ್ಲಿ ನಾವು ಆರು ರಾತ್ರಿ ಇದ್ದೆವು.